ಸಾಲಕ್ಕೆ ಸಹಿ ಬೇಡ, ಆಕೆಯ ಕೈ ಬಿಡುವುದೂ ಬೇಡ

ಪ್ರಶ್ನೆ: ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ನಲವತ್ತೊಂದು. ಯಜಮಾನರು ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ನೌಕರರು. ಮಗಳು ದ್ವಿತೀಯ ಪಿಯುಸಿ, ಮಗ ಎಂಟನೆಯ ತರಗತಿ. ಅತ್ತೆಯವರು ನಮ್ಮ ಜೊತೆಗಿದ್ದಾರೆ. ಸಕ್ಕರೆ ಕಾಯಿಲೆಯಿಂದಾಗಿ ಅವರ ಕಾಲಿನ ಗಾಯ ಮಾಯುತ್ತಿಲ್ಲ. ನಾವು ಕ್ರೈಸ್ತರು, ಭಾನುವಾರದ ಆರಾಧನೆ ತಪ್ಪಿಸುವವರಲ್ಲ.

ಎದುರು ಮನೆಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳ ಗಂಡ ಎರಡು ವರ್ಷದ ಹಿಂದೆ ತೀರಿಕೊಂಡ. ಇಬ್ಬರು ಚಿಕ್ಕ ಮಕ್ಕಳು. ಜೀನ್ಸ್ ಪ್ಯಾಂಟುಗಳ ಗಂಟು ತಂದು ಮನೆಯಲ್ಲೇ ಕುಳಿತು ದಾರ ಕತ್ತರಿಸಿ ಕೊಡುತ್ತಾಳೆ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳು ಗಂಟು ಕಟ್ಟಿದೆ, ಬೆರಳ ತುದಿಗಳು ಸದಾ ನೀಲಿ. ವಾರದ ಕಂತಿನ ದಿನ ಬಂದರೆ ನನ್ನ ಬಾಗಿಲಿಗೆ ಬರುತ್ತಿದ್ದಳು. ಯಜಮಾನರಿಗೆ ತಿಳಿಸದೆ ಐನೂರು, ಸಾವಿರ ಕೊಡುತ್ತ ಬಂದೆ. ಕಳೆದ ತಿಂಗಳು, "ಅಕ್ಕಾ, ನಿಮ್ಮ ಹೆಸರಿನಲ್ಲಿ ಸಂಘದಿಂದ ಐವತ್ತು ಸಾವಿರ ಎತ್ತಿಕೊಡಿ, ಕಂತು ನಾನೇ ಕಟ್ಟುತ್ತೇನೆ" ಎಂದಳು. ಆಗುವುದಿಲ್ಲ ಎಂದೆ. ಅಂದಿನಿಂದ ಮಾತಿಲ್ಲ. ಮೊನ್ನೆ ಅವಳ ಮಗಳು ತಟ್ಟೆ ಹಿಡಿದು ಅಕ್ಕಿ ಕೇಳಲು ಬಂದಿತ್ತು, ತಟ್ಟೆಯ ಅಂಚಿನಲ್ಲೂ ಆ ನೀಲಿ ಗುರುತು.

ಸಾಲಕ್ಕೆ ಇಲ್ಲ ಎಂದ ವಾರವೇ ಪಾಸ್ಟರ್ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯ ಬಗ್ಗೆ ಪ್ರಸಂಗ ಮಾಡಿದರು. ಕುಳಿತಲ್ಲೇ ಬೆವರಿದೆ. ಗಾಯಗೊಂಡವನನ್ನು ನೋಡಿಯೂ ಪಕ್ಕದಿಂದ ದಾಟಿಹೋದ ದೇವಾಲಯದ ಸೇವಕ ಲೇವಿಯನು ನಾನೇ ಅನ್ನಿಸಿತು. ಯಜಮಾನರಿಗೆ ವಿಷಯ ತಿಳಿದು, "ಕೊಟ್ಟು ಕೊಟ್ಟು ಅಭ್ಯಾಸ ಮಾಡಿಸಿದ್ದೀಯ" ಎಂದು ರೇಗಿದರು. ಸಭೆಯ ಒಬ್ಬಿಬ್ಬರಿಗೆ ಹೇಳಿಕೊಂಡರೆ, "ಮೊದಲು ಅವಳನ್ನು ಆರಾಧನೆಗೆ ಕರೆದುಕೊಂಡು ಬಾ, ಆಮೇಲೆ ನೋಡೋಣ" ಎಂದರು. ಕೊಟ್ಟರೆ ಮನೆಯಲ್ಲಿ ಜಗಳ, ಕೊಡದಿದ್ದರೆ ಮನಸ್ಸಿನಲ್ಲಿ ಜಗಳ. ನಾನು ಮಾಡಿದ್ದು ಪಾಪವೇ? ನನ್ನ ಹೊಣೆ ಎಲ್ಲಿಯವರೆಗೆ?

— ಹೆಸರು ಬೇಡ, ಬಳ್ಳಾರಿ

ಉತ್ತರ: ತಂಗಿ, ನಿಮ್ಮ ಹೆಸರಿನಲ್ಲಿ ಸಾಲ ಎತ್ತಿಕೊಡಲು ಒಪ್ಪದಿದ್ದದ್ದು ಪಾಪವಲ್ಲ. ಮುಂದೆಯೂ ಒಪ್ಪಬೇಡಿ. ಎದುರಿಗಿದ್ದವರು ಕಣ್ಣೀರಿಟ್ಟರೂ ಈ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಸತ್ಯವೇದ, ಅಂದರೆ ಬೈಬಲ್, ಇಲ್ಲಿ ಯಾವ ಮುಲಾಜನ್ನೂ ಇಟ್ಟುಕೊಂಡಿಲ್ಲ. ಜ್ಞಾನೋಕ್ತಿಗಳ 22ನೆಯ ಅಧ್ಯಾಯದ 26 ಮತ್ತು 27ನೆಯ ವಚನಗಳನ್ನು ಓದಿ. ಪರರ ಸಾಲಕ್ಕೆ ಹೊಣೆ ನಿಲ್ಲಬೇಡ, ತೀರಿಸಲು ನಿನ್ನಲ್ಲಿ ಗತಿಯಿಲ್ಲದೆ ಹೋದರೆ ನೀನು ಮಲಗಿದ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು ಎಂಬ ಎಚ್ಚರಿಕೆ ಅಲ್ಲಿದೆ. ಸಾಲ ಕೊಟ್ಟವರ ದಾಖಲೆಯಲ್ಲಿ ಹಣ ಪಡೆದವರು ನೀವೇ ಆಗಿರುತ್ತೀರಿ. ಆಕೆ ಕಂತು ತಪ್ಪಿಸಿದರೆ ಕ್ರೆಡಿಟ್ ವರದಿಯಲ್ಲಿ ಕೆಡುವುದು ನಿಮ್ಮ ಹೆಸರು. ನಾಳೆ ಮಗಳ ಓದಿಗೆ ಶಿಕ್ಷಣ ಸಾಲ ಬೇಕಾದಾಗ ಅವಳ ಜೊತೆಗೆ ಸಹಿ ಹಾಕಬೇಕಾದವರು ನೀವು, ಇಲ್ಲವೇ ನಿಮ್ಮ ಯಜಮಾನರು. ಬ್ಯಾಂಕಿನವರು ಆಗ ನೋಡುವುದು ಆ ವರದಿಯನ್ನೇ.

ಇನ್ನೊಂದು ಮಾತು. ಆ ಐವತ್ತು ಸಾವಿರದಲ್ಲಿ ಮಕ್ಕಳ ತಟ್ಟೆಗೆ ಎಷ್ಟು ಬೀಳುತ್ತಿತ್ತು? ಬಹುಪಾಲು ಹಳೆಯ ಕಂತುಗಳಿಗೇ ಹೋಗುತ್ತಿತ್ತು. ಸಾಲ ತೀರಿಸಲು ಸಾಲ ಮಾಡುವ ಹೆಣ್ಣುಮಕ್ಕಳು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನ ಓಣಿ ಓಣಿಯಲ್ಲಿದ್ದಾರೆ. ಅವರ ಪೈಕಿ ಒಬ್ಬಳಿಗೆ ಇನ್ನೊಂದು ಸಾಲದ ಬಾಗಿಲು ತೆರೆದುಕೊಡುವುದು ಉಪಕಾರವಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ಬೆವರು ಸುಳ್ಳಲ್ಲ ಎಂದು ನನಗೆ ಅನ್ನಿಸುತ್ತದೆ. ಸಾಲಕ್ಕೆ ಇಲ್ಲ ಎಂದದ್ದಕ್ಕಿಂತ, ಇಲ್ಲ ಎಂದ ಮೇಲಿನ ಈ ಮೌನವೇ ನಿಮ್ಮನ್ನು ಚುಚ್ಚುತ್ತಿದೆ. ಎರಡು ಬಾಗಿಲುಗಳ ನಡುವೆ ಇರುವುದು ನಾಲ್ಕು ಹೆಜ್ಜೆ. ಆಕೆ ಮುಖ ತಿರುಗಿಸಿದಳು, ನೀವೂ ತಿರುಗಿಸಿದಿರಿ. ಕೇಳಿದವಳಿಗೆ ಇಲ್ಲ ಅನ್ನಿಸಿಕೊಂಡ ಅವಮಾನ ಇರುತ್ತದೆ, ಆದ್ದರಿಂದ ಮೊದಲು ಮಾತಾಡಿಸಬೇಕಾದವರು ನೀವು. ಉಡಲು ಬಟ್ಟೆಯಿಲ್ಲದ, ಅಂದಿನ ಊಟಕ್ಕಿಲ್ಲದ ಸಹೋದರ ಸಹೋದರಿಯರಿಗೆ ಬರಿಗೈಯಲ್ಲಿ "ಸಮಾಧಾನದಿಂದ ಹೋಗಿ" ಎಂದರೆ ಏನು ಬಂತು ಎಂದು ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕೇಳುತ್ತಾನೆ. ಮಾತನ್ನೂ ಆಡದೆ ಕಳುಹಿಸುವುದು ಅದಕ್ಕಿಂತ ಕಠಿಣ.

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯವನ್ನು ಪ್ರಸಂಗದ ಬಿಸಿ ಆರಿದ ಮೇಲೆ ಒಮ್ಮೆ ನಿಧಾನವಾಗಿ ಓದಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಆ ಸಮಾರ್ಯದವನು ಕಂಡ. ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ತನ್ನ ಕೈಯಾರೆ ಕಟ್ಟು ಕಟ್ಟಿದ. ತಾನು ಏರಿ ಬಂದ ಪಶುವಿನ ಮೇಲೆ ಅವನನ್ನು ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋಗಿ ರಾತ್ರಿಯೆಲ್ಲ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ಪ್ರಯಾಣ ಮುಂದುವರಿಸಿದ. ಅಂದಿನ ಲೆಕ್ಕದಲ್ಲಿ ಒಂದು ನಾಣ್ಯ ಕೂಲಿಯವನ ಒಂದು ದಿನದ ಸಂಬಳ. ಅಂದರೆ ಅವನು ಕೊಟ್ಟದ್ದು ಎರಡು ದಿನದ ಕೂಲಿ. ಹೊಲ ಮಾರಲಿಲ್ಲ. ಹೊರಟ ಕೆಲಸ ಬಿಟ್ಟು ಛತ್ರದಲ್ಲೇ ಉಳಿಯಲಿಲ್ಲ. ತನ್ನಿಂದಾಗುವುದನ್ನು ತಾನು ಮಾಡಿ ಮುಂದಿನದಕ್ಕೆ ಇನ್ನೊಬ್ಬನನ್ನು ಸೇರಿಸಿಕೊಂಡ. ಮತ್ತೆ ಬರುತ್ತೇನೆ ಎಂದೂ ಹೇಳಿದ. ಛತ್ರದವನ ಬಗ್ಗೆ ಪ್ರಸಂಗಗಳಲ್ಲಿ ಯಾರೂ ಮಾತಾಡುವುದಿಲ್ಲ ಎಂಬುದು ನನ್ನ ಬಹುಕಾಲದ ಬೇಸರ. ಅವನಿಲ್ಲದೆ ಹೋಗಿದ್ದರೆ ಗಾಯಗೊಂಡವನು ಮರುದಿನ ಮತ್ತೆ ಬೀದಿಗೆ ಬೀಳುತ್ತಿದ್ದ.

ಈಗ ನಿಮ್ಮ ವಿಷಯ. ನೀವು ನಾಣ್ಯ ಕೊಟ್ಟಿರಿ, ಆದರೆ ಗಾಯ ಬಿಚ್ಚಿ ನೋಡಲಿಲ್ಲ. ನೀವು ನರ್ಸ್ ಆದ್ದರಿಂದ ಈ ಮಾತು ಬೇಗ ಅರ್ಥವಾಗುತ್ತದೆ ಎಂದು ಹೇಳುತ್ತಿದ್ದೇನೆ. ಬಾಗಿಲಲ್ಲಿ ನಿಂತು ಐನೂರು ಕೈಗಿಟ್ಟು ಕಳುಹಿಸಿದರೆ ಆ ದಿನದ ಕಂತು ಮುಗಿಯುತ್ತದೆ, ನಿಮ್ಮ ಮನಸ್ಸೂ ಹಗುರಾಗುತ್ತದೆ. ಒಟ್ಟು ಎಷ್ಟು ಸಾಲವಿದೆ, ಯಾರ ಬಳಿ ಇದೆ, ತಿಂಗಳಿಗೆ ದುಡಿಮೆ ಎಷ್ಟು, ಸರ್ಕಾರದಿಂದ ಏನಾದರೂ ಬರುತ್ತಿದೆಯೇ? ನಿಮ್ಮ ಪತ್ರದಲ್ಲಿ ಇದರ ಒಂದು ಸುಳಿವೂ ಇಲ್ಲ. ಎರಡು ವರ್ಷದ ನೆರೆಹೊರೆಯಲ್ಲಿ ಇದನ್ನು ಕೇಳಲು ನಿಮಗೆ ಸಂಕೋಚ, ಹೇಳಲು ಆಕೆಗೆ ಸಂಕೋಚ.

ಹಾಗಾಗಿ ಒಂದು ಸಂಜೆ ಆಕೆಯ ಮನೆಗೆ ನೀವೇ ಹೋಗಿ. ಪ್ಯಾಂಟುಗಳ ಗಂಟಿನ ಪಕ್ಕದಲ್ಲೇ ಕುಳಿತು, ಸಾಧ್ಯವಾದರೆ ನೀವೂ ಒಂದು ಕತ್ತರಿ ಹಿಡಿದು ಮಾತು ತೆಗೆಯಿರಿ. "ಅಂದು ಸಾಲ ಎತ್ತಿಕೊಡಲು ಆಗುವುದಿಲ್ಲ ಎಂದೆ, ಇವತ್ತೂ ಅದೇ ಮಾತು. ಆದರೆ ನಿನ್ನ ಲೆಕ್ಕ ಸರಿಮಾಡಲು ನಿನ್ನ ಜೊತೆ ಕೂರುತ್ತೇನೆ, ಕಚೇರಿಗೆ ಬರಬೇಕೆಂದರೆ ಬರುತ್ತೇನೆ" ಎನ್ನಿ. ಬೇಡ ಎಂದರೆ ಎದ್ದು ಬನ್ನಿ. ತನ್ನ ಮನೆಯ ಲೆಕ್ಕ ತೋರಿಸದಿರುವ ಹಕ್ಕು ಬಡವರಿಗೂ ಉಂಟು. ಒಪ್ಪಿದರೆ ಸಾಲದ ಕಾರ್ಡುಗಳನ್ನೂ ಪಾಸ್‌ಬುಕ್ಕನ್ನೂ ತರಿಸಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಯಾವುದು ನೋಂದಾಯಿತ ಸಂಸ್ಥೆಯ ಸಾಲ, ಯಾವುದು ಓಣಿಯ ಬಡ್ಡಿ ವ್ಯವಹಾರ ಎಂಬುದನ್ನು ಬೇರೆ ಬೇರೆ ಮಾಡಿ. ನೋಂದಾಯಿತ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮಗಳಿವೆ. ಇಂಥ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡಬಾರದು. ಇದನ್ನು ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತಿದ್ದರೆ ವಸೂಲಿಗೆ ಬಂದವರ ದನಿಯೇ ತಗ್ಗುತ್ತದೆ. ಬೆದರಿಸಿದರೆ, ಬಾಗಿಲಲ್ಲಿ ಕುಳಿತು ಮಾನ ಕಳೆದರೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಿರುಸಾಲ ಕಾಯ್ದೆಯಡಿ ಪೊಲೀಸರಿಗೆ ದೂರು ಕೊಡಬಹುದು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಬಹಳ ಮಂದಿಯ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ಇಂಥ ಸಾಲ ಕೊಡುವಾಗ ಅನೇಕ ಕಡೆ ಸಾಲಗಾರಳ ಜೊತೆಗೆ ಗಂಡನ ಜೀವಕ್ಕೂ ವಿಮೆ ಮಾಡಿಸಿ ಅದರ ಕಂತನ್ನು ಸಾಲದ ಮೊತ್ತದಲ್ಲೇ ಮುರಿದುಕೊಂಡಿರುತ್ತಾರೆ. ಗಂಡ ತೀರಿಕೊಂಡಾಗ ಬಾಕಿ ಇದ್ದ ಸಾಲಗಳಿಗೆ ವಿಮೆ ಇತ್ತೇ, ಇದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಆ ಹಣ ಕೇಳಲಾಗಿತ್ತೇ ಎಂದು ಶಾಖೆಯಲ್ಲಿ ವಿಚಾರಿಸಿ. ಎರಡು ವರ್ಷದಿಂದ ಕಟ್ಟುತ್ತಿರುವ ಕಂತುಗಳಲ್ಲಿ ಕಟ್ಟಬೇಕಾಗಿಯೇ ಇಲ್ಲದ ಒಂದು ಇರಲೂಬಹುದು.

ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಾಳೆಯೇ? ನಾಡಕಚೇರಿಯಲ್ಲಿ ಹಾಕಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಆಕೆಗೆ ಬರುತ್ತಿದೆಯೇ, ಅಥವಾ ಪಡಿತರ ಚೀಟಿಯಲ್ಲಿ ಯಜಮಾನಿಯಾಗಿ ಊರಿನಲ್ಲಿರುವ ಅತ್ತೆಯ ಹೆಸರೇ ಇದ್ದು ಹಣ ಅಲ್ಲಿಗೆ ಹೋಗುತ್ತಿದೆಯೇ? ಗಂಡ ಸತ್ತ ಮೇಲೆ ಹೆಸರು ತೆಗೆಸಿ, ಹೆಸರು ಸೇರಿಸಿ ಓಡಾಡುವಷ್ಟು ಪುರುಸೊತ್ತು ಪ್ಯಾಂಟಿನ ಲೆಕ್ಕದಲ್ಲಿ ಕೂಲಿ ಎಣಿಸುವವಳಿಗೆ ಎಲ್ಲಿರುತ್ತದೆ? ಒಂದು ದಿನ ಕಚೇರಿ ಸುತ್ತಿದರೆ ಒಂದು ದಿನದ ಕೂಲಿ ಹೋಯಿತು. ಇನ್ನು ತಂದೆಯಿಲ್ಲದ ಮಕ್ಕಳಿಗೆ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವ ಎಂಬ ನೆರವಿದೆ, ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ನಗರವಾಸಿ ಕುಟುಂಬದ ವಾರ್ಷಿಕ ಆದಾಯ 96,000 ರೂಪಾಯಿ ಮೀರಿರಬಾರದು. ಅರ್ಜಿ ಹಾಕಿದವರಿಗೆಲ್ಲ ತಕ್ಷಣ ಸಿಗುತ್ತದೆ ಎಂದು ನಾನು ಹೇಳಲಾರೆ, ಆದರೆ ವಿಧವೆ ತಾಯಿಯ ಮಕ್ಕಳು ಆ ಯೋಜನೆಗೆ ಅರ್ಹರು. ನಿಮ್ಮ ಐನೂರಕ್ಕಿಂತ ನಿಮ್ಮ ವಾರದ ರಜೆಯ ಒಂದು ದಿನ ಆಕೆಗೆ ಹೆಚ್ಚು ಬೆಲೆಬಾಳುತ್ತದೆ. ಅರ್ಜಿ ತುಂಬಲು ಬರುವ, ಕಚೇರಿಯಲ್ಲಿ ಅಂಜದೆ ಪ್ರಶ್ನೆ ಕೇಳಬಲ್ಲ ಹೆಂಗಸು ಪಕ್ಕದಲ್ಲಿರುವುದು ಸಣ್ಣ ಬಲವಲ್ಲ.

ನಿಮ್ಮ ಯಜಮಾನರ ಬಗ್ಗೆ ಎರಡು ಮಾತು ಹೇಳಬೇಕು. ಅವರಿಗೆ ತಿಳಿಸದೆ ಕೊಟ್ಟದ್ದು ಸರಿಯಾಗಲಿಲ್ಲ. ಅದು ಇಬ್ಬರೂ ದುಡಿದು ನಡೆಸುವ ಸಂಸಾರದ ಹಣ, ಅತ್ತೆಯ ಕಾಲಿನ ಡ್ರೆಸ್ಸಿಂಗಿಗೂ ಮಗಳ ಶುಲ್ಕಕ್ಕೂ ಆಗಬೇಕಾದ ಹಣ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಸ್ವಂತ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯಿಲ್ಲದವನಿಗಿಂತ ಕೀಳು ಎಂದಿದ್ದಾನೆ. ದೇವರಿಗೆ ಮುಡಿಪು ಎಂಬ ನೆಪ ಹೇಳಿ ತಂದೆತಾಯಿಯ ಪಾಲನ್ನು ತಪ್ಪಿಸುವವರನ್ನು ಯೇಸುವೇ ಕಠಿಣವಾಗಿ ಖಂಡಿಸಿದ್ದು ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ನಿಮ್ಮ ಅತ್ತೆಯವರ ಆರೈಕೆಯೂ ಕರುಣೆಯ ಕೆಲಸವೇ. ಅದನ್ನು ಲೆಕ್ಕಕ್ಕೆ ಸೇರಿಸದೆ ನಿಮ್ಮನ್ನು ನೀವೇ ಲೇವಿಯನ ಸಾಲಿನಲ್ಲಿ ನಿಲ್ಲಿಸಿಕೊಳ್ಳಬೇಡಿ.

ಆದರೆ "ಕೊಟ್ಟರೆ ಅಭ್ಯಾಸವಾಗುತ್ತದೆ" ಎಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತು ನಮ್ಮ ನೆಲದಲ್ಲಿ ಏನು ಮಾಡಿತು ಎಂಬುದಕ್ಕೆ ಇತಿಹಾಸವಿದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಹಳಬರು ಧಾತು ಈಶ್ವರದ ಬರ ಎನ್ನುತ್ತಿದ್ದ ಆ ಕಾಲದಲ್ಲಿ, ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಆರಂಭದಲ್ಲಿ ಬಂದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಗೆ ಪರಿಹಾರ ಅತಿಯಾಯಿತು, ಜನ ಅದಕ್ಕೇ ಒಗ್ಗಿಹೋಗುತ್ತಾರೆ ಎಂಬ ಚಿಂತೆ. ದಿನವಿಡೀ ಮಣ್ಣು ಹೊರುವವರ ಕೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಲಾಯಿತು. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಪ್ರಾಂತದ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪಟ್ಟುಹಿಡಿದು ವಿರೋಧಿಸಿದರು. ಕೆಲವು ತಿಂಗಳಲ್ಲಿ ಕೂಲಿಯನ್ನು ಮತ್ತೆ ಏರಿಸಬೇಕಾಯಿತು, ಆದರೆ ಅಷ್ಟರಲ್ಲಿ ಎಷ್ಟೋ ದೇಹಗಳು ಕುಸಿದಿದ್ದವು. ಹಸಿದವರ ಎದುರು ಮೊದಲು ಹುಟ್ಟಬೇಕಾದದ್ದು ಅನುಮಾನವಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕತ್ತರಿ ಹಿಡಿಯುವ ಹೆಂಗಸು ಮೈಗಳ್ಳಿಯಲ್ಲ ಎಂಬುದು ನಿಮ್ಮ ಯಜಮಾನರಿಗೂ ಎದುರು ಮನೆಯಲ್ಲೇ ಕಾಣುತ್ತಿದೆ. ಅವರು ಗುತ್ತಿಗೆ ನೌಕರರು. ಒಂದು ತಿಂಗಳ ಸಂಬಳ ತಡವಾದರೆ ಏನಾಗುತ್ತದೆ ಎಂದು ಬಲ್ಲವರು. ಅವರ ಸಿಟ್ಟಿನಲ್ಲಿ ಭಯದ ಪಾಲೇ ಹೆಚ್ಚು ಇರಬೇಕು.

ಅವರ ಮುಂದೆ ಕುಳಿತು ಲೆಕ್ಕ ಹೇಳಿ: ಇಷ್ಟು ಕೊಟ್ಟಿದ್ದೇನೆ, ಇನ್ನು ಮುಚ್ಚಿಡುವುದಿಲ್ಲ. ಆಮೇಲೆ ಇಬ್ಬರೂ ಸೇರಿ, ನಿಮ್ಮ ಸಂಸಾರಕ್ಕೆ ತೊಡಕಾಗದಂತೆ ತಿಂಗಳಿಗೆ ಒಂದು ಮೊತ್ತವನ್ನು ನಿಗದಿ ಮಾಡಿ. ಚಿಕ್ಕದಾದರೂ ಚಿಂತೆಯಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಪೌಲನು, ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು, ಇತರರಿಗೆ ಸುಖವೂ ನಿಮಗೆ ಕಷ್ಟವೂ ಆಗಲಿ ಎಂಬುದು ನನ್ನ ಉದ್ದೇಶವಲ್ಲ ಎಂದು ಬಿಡಿಸಿ ಹೇಳಿದ್ದಾನೆ. ನಿಗದಿ ಮಾಡಿದ್ದನ್ನು ಸಾಲ ಎನ್ನದೆ ಕೊಟ್ಟುಬಿಡಿ. ಕಂತಿಗೆ ಕೊಡುವುದಕ್ಕಿಂತ ಅಕ್ಕಿ, ಬೇಳೆ, ಮಕ್ಕಳ ಪುಸ್ತಕದ ರೂಪದಲ್ಲಿ ಕೊಡುವುದು ಒಳ್ಳೆಯದು. ಅಕ್ಕಿಯನ್ನು ನೀವೇ ತಲುಪಿಸಿ. ತಟ್ಟೆ ಹಿಡಿದು ಓಣಿ ದಾಟುವ ಕೆಲಸ ಆ ಮಗುವಿಗೆ ಬೇಡ.

ಇನ್ನು ಸಭೆ. "ಮೊದಲು ಆರಾಧನೆಗೆ ಬರಲಿ" ಎಂದವರ ಮಾತು ಓದಿ ನನಗೆ ನಿಜವಾಗಿಯೂ ನೋವಾಯಿತು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದರು, ಧನ್ಯವಾದ ಹೇಳಲು ತಿರುಗಿ ಬಂದವನು ಒಬ್ಬನೇ. ಬಾರದ ಒಂಬತ್ತು ಮಂದಿಗೆ ರೋಗ ಮರುಕಳಿಸಿತು ಎಂದು ಲೂಕನು ಎಲ್ಲಿಯೂ ಬರೆದಿಲ್ಲ. ಆಕೆಯ ದೇವರು, ಆಕೆಯ ಹಬ್ಬ ಆಕೆಯದು. ಅಕ್ಕಿಯ ಜೊತೆಗೆ ಆಹ್ವಾನ ಪತ್ರ ಬೇಡ. ಬೇರೆ ಉದ್ದೇಶವಿಲ್ಲ ಎಂಬುದು ಆಕೆಗೂ, ಆಕೆಯ ಬಂಧುಗಳಿಗೂ, ಓಣಿಯವರಿಗೂ ಸ್ಪಷ್ಟವಾಗಿ ಕಾಣಬೇಕು. ಇಲ್ಲದಿದ್ದರೆ ನಿಮ್ಮ ಒಳ್ಳೆಯತನವೇ ಆಕೆಗೆ ಇನ್ನೊಂದು ಬಗೆಯ ಸಾಲವಾಗುತ್ತದೆ.

ಹಾಗೆಂದು ಸಭೆಯನ್ನು ಬಿಟ್ಟುಬಿಡಬೇಡಿ. ಆದಿಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಆಹಾರ ಹಂಚುವಾಗ ಅನ್ಯಾಯವಾಗುತ್ತಿದೆ ಎಂಬ ಗೊಣಗಾಟ ಎದ್ದಾಗ ಅಪೊಸ್ತಲರು ಪ್ರಾರ್ಥಿಸೋಣ ಎಂದಷ್ಟೇ ಹೇಳಿ ಕಳುಹಿಸಲಿಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿ ನೇಮಿಸಲು ಹೇಳಿದರು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಇದನ್ನೇ ಹೇಳುತ್ತದೆ. ಸಭೆಯ ಹೆಂಗಸರ ಕೂಟದಲ್ಲಿ ಈ ವಿಷಯ ಎತ್ತಿ, ಆದರೆ ಆಕೆಯ ಹೆಸರು ಹೇಳದೆ. ನಮ್ಮ ಸುತ್ತಲಿನ ಒಂಟಿ ತಾಯಂದಿರಿಗೆ ಪಿಂಚಣಿ, ಪಡಿತರ, ಮಕ್ಕಳ ನೆರವಿನ ಅರ್ಜಿ ತುಂಬಿಕೊಡಲು ತಿಂಗಳಿಗೆ ಒಂದು ದಿನ ಇಬ್ಬರು ಕುಳಿತುಕೊಳ್ಳೋಣವೇ ಎಂದು ಕೇಳಿ. ಯಾವ ಜಾತಿ, ಯಾವ ಧರ್ಮದವರು ಬಂದರೂ ಸರಿ ಎಂಬುದನ್ನು ಮೊದಲೇ ಒಪ್ಪಿಸಿಕೊಳ್ಳಿ. ಪಾಸ್ಟರ್ ಅಷ್ಟು ಚೆನ್ನಾಗಿ ಪ್ರಸಂಗ ಮಾಡಿದ್ದಾರೆ, ಜಾಗ ಕೊಡಲು ಒಪ್ಪಿಯಾರು.

ಹೊಣೆ ಎಲ್ಲಿಯವರೆಗೆ ಎಂದು ಕೇಳಿದಿರಿ. ಆಕೆಯ ಎಲ್ಲ ಸಾಲ ತೀರುವವರೆಗೂ ಅಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ನಿಮಗೆ ಗೊತ್ತಿರುವ ದಾರಿ ಆಕೆಗೂ ಗೊತ್ತಾಗಿ, ಆಕೆಯೇ ಕಚೇರಿಗೆ ಹೋಗಿ ಕೇಳುವಂತಾಗುವವರೆಗೆ ಜೊತೆಗಿರಿ. ಆಮೇಲೆ ನೀವು ನೆರೆಯವರು, ಆಕೆಯೂ ನೆರೆಯವಳು. ನಿಮ್ಮ ಅತ್ತೆಯ ಬಳಿ ಒಂದು ಗಂಟೆ ಕೂರುವ ಸಹಾಯವನ್ನು ಆಕೆಯಿಂದ ಕೇಳಲು ಹಿಂಜರಿಯಬೇಡಿ. ಬರೀ ಪಡೆಯುವವಳಾಗಿ ಯಾರನ್ನೂ ಕೂರಿಸಬಾರದು. ನಡುವೆ ಆಕೆ ಇನ್ನೊಂದು ಕಡೆ ಸಾಲ ಮಾಡಿದಳೆಂದು ತಿಳಿದರೆ ನಿಮಗೆ ಸಿಟ್ಟು ಬರುತ್ತದೆ. ಬಂದರೂ ಮಕ್ಕಳ ಅಕ್ಕಿಯನ್ನು ಅದಕ್ಕೆ ದಂಡವಾಗಿ ನಿಲ್ಲಿಸಬೇಡಿ.

ಯಜಮಾನರ ಜೊತೆಗಿನ ಮಾತು ಈ ಭಾನುವಾರದೊಳಗೆ ಮುಗಿಯಲಿ, ಆಕೆಯ ಮನೆಗೆ ಹೋಗುವುದು ಅದರ ನಂತರ. ಹೋಗುವಾಗ ಮಕ್ಕಳ ಆಧಾರ್, ಗಂಡನ ಮರಣ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಇವೆಯೇ ಎಂದು ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ನಾಡಕಚೇರಿಯಲ್ಲಿ ವಿಧವಾ ವೇತನದ ಅರ್ಜಿಯ ಜೊತೆಗೇ ಅದಕ್ಕೂ ಕೊಟ್ಟುಬಿಡಿ, ಎರಡು ಬಾರಿ ಅಲೆಯುವುದು ತಪ್ಪುತ್ತದೆ. ಮಕ್ಕಳ ನೆರವಿಗೆ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.